ಬೂದಿ ಬಣ್ಣದ ಬಾವುಟ

ಗುಲಬರ್ಗಾ
೧೨ ಫೆಬ್ರುವರಿ ೧೯೮೪

ಶಹಾಬಾದಿನ ಹಳೆಯ ಚಿತ್ರಸುರುಳಿಗಳ ಕೂಟಕ್ಕೆ ಬಂದು ಕುಳಿತಿರುವ ಎಲ್ಲರಿಗೂ ಗುರುಲಿಂಗಯ್ಯನ ನಮಸ್ಕಾರಗಳು.

ಮೊದಲಿಗೆ ಹಿರಿಯರಿಗೆ ನನ್ನ ಕೃತಜ್ಞತೆ. ಗಣಿಯ ಧೂಳಿನಲ್ಲಿ ಆಯುಷ್ಯ ಸವೆಸಿದ ನೀವು, ಈ ಮಕ್ಕಳು ಕರೆದರೆಂಬ ಒಂದೇ ಕಾರಣಕ್ಕೆ ವಾಡಿ, ಚಿತ್ತಾಪುರ, ಸೇಡಂಗಳಿಂದ ಬಂದಿದ್ದೀರಿ. ವಿಠೋಬಾ ಅವರೂ ಬರುತ್ತಾರೆಂದು ರಹೀಮಾ ತಿಳಿಸಿದ್ದಾಳೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ. ಅವರ ಪಕ್ಕದ ಕುರ್ಚಿ ಖಾಲಿ ಇರಲಿ. ಅದು ಕಳೆದ ತಿಂಗಳು ತೀರಿಕೊಂಡ, ರಹೀಮಾಳ ತಂದೆ ಹಾಜಿಮಲಂಗ್ ಅವರ ಜಾಗ.

ಈ ಪತ್ರವನ್ನು ರಹೀಮಾಳೇ ಓದಬೇಕೆಂದು ಕೇಳಿಕೊಂಡಿದ್ದೇನೆ. ಮೂರು ವರ್ಷ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಫಿಲ್ಮು ಸುತ್ತುವುದನ್ನೂ ಹರಿದದ್ದನ್ನು ಅಂಟಿಸುವುದನ್ನೂ ಕಲಿತವಳು ಅವಳು. ಮಗಳೇ, ನಡುವೆ ಧ್ವನಿ ನಿಂತರೆ ನೀರು ಕುಡಿದು ಮುಂದುವರಿಸು. ಬೇರೆಯವರ ಕೈಗೆ ಕೊಡಬೇಡ.

ಪ್ರೀತಿಯ ಹುಡುಗ ಹುಡುಗಿಯರೇ, ಮುಚ್ಚಿದ ಟಾಕೀಸುಗಳ ಅಟ್ಟ, ಕಾರ್ಖಾನೆಗಳ ಗೋದಾಮು ಹುಡುಕಿ ನೀವು ಒಟ್ಟುಗೂಡಿಸಿದ ಡಬ್ಬಿಗಳ ಪಟ್ಟಿ ನೋಡಿ ನನ್ನ ಮನಸ್ಸು ತುಂಬಿತು. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಫಿಲ್ಮು ಕೆಡುತ್ತಿದೆ, ಅದನ್ನು ಬೇರೆ ಇಡಬೇಕೆಂದು ನಾನು ಕಲಿಸಿದ್ದು ನಿಮಗೆ ನೆನಪಿದೆ. ಚಿತ್ರದಲ್ಲಿ ಕಾಣುವ ಪ್ರತಿಯೊಬ್ಬರ ಹೆಸರನ್ನೂ ಬರೆದಿಡಬೇಕು ಎಂದೂ ಕಲಿಸಿದೆ. ಆ ಎರಡನೆಯ ನಿಯಮವನ್ನು ಮುರಿದವರಲ್ಲಿ ನಾನೇ ಮೊದಲಿಗ. ನೀವು ಇಂದು ನೋಡಲಿರುವ ಚಿತ್ರವನ್ನು ೧೯೬೩ರಲ್ಲಿ ತೆಗೆದವನು ನಾನು. ಅದನ್ನು ತೆಗೆಸಿದ ಸಿಮೆಂಟು ಕಂಪನಿ ಈಗ ಉಳಿದಿಲ್ಲ.

ವಾಡಿಯ ಆಚೆಗಿನ ಸುಣ್ಣಕಲ್ಲಿನ ಗಣಿ ಅದು. ಬಂಡೆಗೆ ಮದ್ದು ಇಡುವಾಗ ಕೆಂಪು ಬಾವುಟ ಏರುತ್ತಿತ್ತು. ಕೂಲಿಯವರು ದಿಬ್ಬದ ಹಿಂದೆ ಹೋಗಿ ಕೂರುತ್ತಿದ್ದರು. ಎಲ್ಲ ಸಿಡಿದು ಮುಗಿದ ಮೇಲೆ ಬಿಳಿ ಬಾವುಟ ಏರಿದರೆ ಕೆಳಗಿಳಿದು ಕಲ್ಲು ತುಂಬುತ್ತಿದ್ದರು. ಹತ್ತು ವರ್ಷದಿಂದ ಎರಡೂ ಬಾವುಟಗಳು ಹಾಜಿಮಲಂಗ್ ಅವರ ಕೈಯಲ್ಲಿದ್ದವು.

ಆ ದಿನ ಮುಂಜಾನೆ ವಿಠೋಬಾ ಅವರ ಹೆಂಡತಿ ಭೀಮಬಾಯಿ ಹೊಸ ಸೀರೆ ಉಟ್ಟು, ಕಲ್ಲಿನ ಬುಟ್ಟಿ ಹಿಡಿದು ಬಂದಿದ್ದಳು. ಬಂದವಳೇ ಹಾಜಿಮಲಂಗ್ ಅವರನ್ನು ಕೆಣಕಿದಳು: "ಏನು ಹಾಜಿಭಾಯಿ, ಮೀಸಿಗೆ ಎಣ್ಣಿ ಹಚ್ಕೊಂಡು ಬಂದೀದಿ! ಇವತ್ತ ನೀನೇ ಹೀರೋ ಏನು?"

"ನಾ ಎಲ್ಲಿ ಹೀರೋ ಬಾಯಿ? ನಿನ್ನ ಸೀರಿ ನೋಡಿ ಆ ಮಷೀನೇ ಬಂದ್ ಬೀಳ್ತದ ನೋಡು," ಎಂದರು ಅವರು.

ಅವಳು ನಗುತ್ತ ನನ್ನ ಕಡೆ ತಿರುಗಿ ಕೇಳಿದಳು: "ಖರೇನೇ ನನ್ನ ಮುಖ ಬರ್ತದೇನ್ರಿ ಅಣ್ಣಾರ?"

ಬರುತ್ತದೆ ಎಂದೆ.

ಮಧ್ಯಾಹ್ನ ಎರಡು ಸಾಲು ಮದ್ದು ಇಟ್ಟಿದ್ದರು. ಮೊದಲ ಸಾಲು ಸಿಡಿಯಿತು. ಎರಡನೆಯದರ ಬತ್ತಿಗೆ ಬೆಂಕಿ ತಾಗಿಸಿ ಆಳುಗಳು ಓಡಿ ಬಂದರು. ಆ ಸ್ಫೋಟದ ಮುಂದೆ ಬಾವುಟ ಹಾರುವುದನ್ನು ನಾನು ಚಿತ್ರಿಸಬೇಕಿತ್ತು. ಕ್ಯಾಮೆರಾ ಓಡುತ್ತಿತ್ತು. ನೋಡುತ್ತೇನೆ, ಬಾವುಟವೇ ಎದ್ದು ಕಾಣುತ್ತಿಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಬೂದಿ ಬಣ್ಣವಾಗುತ್ತದೆ; ಹಿಂದಿನ ಬಂಡೆಯೂ ಬೂದಿ ಬಣ್ಣದ್ದೇ. ಬಿಳಿಯದನ್ನು ಹಿಡಿ ಎಂದು ಕೂಗಿದೆ.

ಹಾಜಿಮಲಂಗ್ ತಲೆಯಾಡಿಸಿದರು. "ಬ್ಯಾಡ್ರಿ ಸಾಹೇಬ್ರ. ಒಂದು ಸಾಲು ಹಾರೇದ, ಮಂದಿ ಸಪ್ಪಳ ಕೇಳ್ಯಾರ. ಈಗ ಬಿಳಿ ನಿಶಾನಿ ತೋರ್ಸಿದ್ರ ಮುಗೀತು ಅಂತ ಇಳೀತಾರ್ರಿ."

ಐದು ಎಣಿಸುವಷ್ಟು ಹೊತ್ತು ಸಾಕು ಎಂದೆ. ಅವರು ಅಲುಗಲಿಲ್ಲ. ನಾನೇ ಮುಂದೆ ಹೋಗಿ ಅವರ ಕೈಯಿಂದ ಕೆಂಪನ್ನು ಕಿತ್ತುಕೊಂಡು, ಬಿಳಿಯದನ್ನು ತುರುಕಿ, ಕ್ಯಾಮೆರಾದ ಹಿಂದೆ ಬಂದು ನಿಂತೆ.

ದಿಬ್ಬದ ಹಿಂದಿನಿಂದ ಎಲ್ಲರಿಗಿಂತ ಮುಂಚೆ ಇಳಿದವಳು ಭೀಮಬಾಯಿ. ಬುಟ್ಟಿ ತಲೆಯ ಮೇಲಿತ್ತು. ಕ್ಯಾಮೆರಾ ತನ್ನ ಕಡೆಗಿರುವುದನ್ನು ಕಂಡು ಸೆರಗು ಸರಿಪಡಿಸಿಕೊಂಡಳು. ಹಾಜಿಮಲಂಗ್ ಬಾವುಟ ಬಿಸಾಕಿ, "ಬಾಯೀ, ಹಿಂದಕ್ಕ ಸರೀ! ಹಿಂದಕ್ಕ!" ಎಂದು ಅರಚುತ್ತ ಅವಳತ್ತ ಓಡಿದರು. ಅವರು ಅರ್ಧ ದಾರಿಯಲ್ಲಿದ್ದಾಗ ಎರಡನೆಯ ಸಾಲು ಸಿಡಿಯಿತು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಹೊಗೆ ಚೆನ್ನಾಗಿ ಬರುತ್ತಿತ್ತು.

ಭೀಮಬಾಯಿಯ ಸಾವಿನ ವಿಚಾರಣೆಯಲ್ಲಿ ಹಾಜಿಮಲಂಗ್ ನಡೆದದ್ದನ್ನು ನಡೆದಂತೆ ಹೇಳಿದರು. ಅಧಿಕಾರಿ ನನ್ನನ್ನು ಕೇಳಿದರು. ಕಂಪನಿಯವರು ಮುಂದಿನ ಎರಡು ಚಿತ್ರಗಳನ್ನೂ ನನಗೇ ಕೊಡುವುದಾಗಿ ಹೇಳಿ ವಾರವಾಗಿತ್ತು. ನಾನು ಕಂಡದ್ದನ್ನಷ್ಟೇ ಚಿತ್ರಿಸುವವನು, ಬಾವುಟ ಬದಲಿಸಿದ್ದು ಆ ಮನುಷ್ಯನ ಸ್ವಂತ ತಪ್ಪು ಎಂದೆ. ವಿದ್ಯಾವಂತನ ಮಾತೇ ಗೆದ್ದಿತು. ಹೊರಗೆ ಬೇವಿನ ಕೆಳಗೆ ವಿಠೋಬಾ ಅವರು ಹಾಜಿಮಲಂಗ್ ಅವರ ಎದೆಯ ಅಂಗಿ ಹಿಡಿದು ಕೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: "ಒಂದೇ ಗಂಟಿನ ರೊಟ್ಟಿ ಉಂಡೀವಲ್ಲೋ ಹಾಜಿ. ನನ್ನ ಹೆಂಡ್ತಿ ಕಣ್ಣಿಗೇ ಸುಳ್ಳು ನಿಶಾನಿ ತೋರ್ಸಿದೇನು?"

ಹಾಜಿಮಲಂಗ್ ನನ್ನತ್ತ ನೋಡಿದರು. ನಾನು ಜೀಪು ಹತ್ತಿದೆ.

ಕೆಲಸ ಹೋದ ಮೇಲೆ ಅವರು ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಹೋಗಿ ಪರರ ಹೊಲದಲ್ಲಿ ದುಡಿದರು. ಅಲ್ಲಿಯೂ ಅವರು ದಾರಿಯಲ್ಲಿ ಬಂದರೆ, "ಹಾಜಿ ಬಂದ, ನಿಶಾನಿ ನೋಡ್ಕೊಂಡು ದಾಟ್ರೆಪ್ಪೋ" ಎಂದು ಜನ ನಗುತ್ತಿದ್ದರಂತೆ. ಹಾಗೆ ನಕ್ಕವರ ನಡುವೆ ಬೆಳೆದವಳು ಈಗ ಇದನ್ನು ಓದುತ್ತಿದ್ದಾಳೆ.

ನನ್ನ ಚಿತ್ರ ಮುಗಿಯಿತು. ಸ್ಫೋಟದ ಹೊಗೆಯನ್ನು ಅದರಲ್ಲಿ ಉಳಿಸಿಕೊಂಡೆ; ಹೊಗೆಗೆ ಮುಂಚಿನದನ್ನೆಲ್ಲ ನಕಲು ಪ್ರತಿಯಿಂದ ಕತ್ತರಿಸಿದೆ. ಆ ಹೊಗೆಯ ಮೇಲೆ ಕೇಳುವ ಮಾತು, "ಬಿಳಿಯ ಬಾವುಟ ಹಾರಿತು, ನಾಡು ಮುನ್ನಡೆಯಿತು" ಎಂಬುದು, ನಾನೇ ಬರೆದದ್ದು. ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಅದನ್ನು ನೋಡಿ ಚಪ್ಪಾಳೆ ಹೊಡೆದಿದ್ದೀರಿ.

ಕತ್ತರಿಸದ ಮೂಲ ಸುರುಳಿಯ ಪೆಟ್ಟಿಗೆ ಇತ್ತೀಚೆಗೆ ನನ್ನ ಕೈಗೆ ಬಂದಿದೆ. ಇದರೊಡನೆ ಕಳುಹಿಸಿದ್ದೇನೆ. ಅದರಲ್ಲಿ ಮೊದಲು ಬೂದಿ ಬಣ್ಣದ ಬಾವುಟ ಕಾಣುತ್ತದೆ. ಹಾಜಿಮಲಂಗ್ ತಲೆಯಾಡಿಸುವುದು ಕಾಣುತ್ತದೆ. ಎಡಗಡೆಯಿಂದ ಗಡಿಯಾರ ಕಟ್ಟಿದ ಒಂದು ಕೈ ಬಂದು ಬಾವುಟ ಬದಲಿಸುತ್ತದೆ. ಆ ಗಡಿಯಾರವನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಹೋಲಿಸಿ ನೋಡಿರಿ. ನನ್ನ ಮಾತನ್ನು ನಂಬಬೇಡಿರಿ. ಒಮ್ಮೆ ನಂಬಿ ಕೆಟ್ಟವರು ನೀವು.

ವಿಠೋಬಾ ಅವರೇ, ನಿಮ್ಮ ಎದುರು ನಿಲ್ಲುವ ಯೋಗ್ಯತೆ ನನಗಿಲ್ಲ. ಭೀಮಬಾಯಿ ಸೆರಗು ಸರಿಪಡಿಸಿಕೊಳ್ಳುವಲ್ಲಿಗೆ ಯಂತ್ರ ನಿಲ್ಲಿಸಲು ರಹೀಮಾಳಿಗೆ ಹೇಳಿರಿ. ಅವಳ ಮುಖ ಬಂದಿದೆ. ನಗುತ್ತಿದ್ದಾಳೆ.

ಮಕ್ಕಳೇ, ನನಗೆ ನಿಮ್ಮ ಮೇಲೆ ಬಹಳ ಭರವಸೆಯಿದೆ. ನಾನು ಕತ್ತರಿಸಿದ್ದನ್ನು ಜೋಡಿಸುವ ಕೈ ನಿಮ್ಮದು. ಡಬ್ಬಿಯ ಮೇಲಿನ ಕಂಪನಿಯ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಭೀಮಬಾಯಿ, ಬುಟ್ಟಿ ಹೊತ್ತವಳು. ಹಾಜಿಮಲಂಗ್, ಬೇಡವೆಂದವರು. ಗುರುಲಿಂಗಯ್ಯ, ಬಾವುಟ ಬದಲಿಸಿದವನು. ಕಿಟಕಿ ಮುಚ್ಚಿರಿ, ಪರದೆ ಕಟ್ಟಿರಿ, ಮೊದಲ ಡಬ್ಬಿ ತೆರೆಯಿರಿ. ಕೆಲಸ ಶುರುವಾಗಲಿ.

ನಿಮ್ಮ ಶ್ರೇಯಸ್ಸು ಬಯಸುವ,
ಗುರುಲಿಂಗಯ್ಯ

ತಾ.ಕ.: ರಹೀಮಾ, ಇದು ನಿನಗೆ. ಕೂಟದ ಮುಂದೆ ಓದುವುದು ಬಿಡುವುದು ನಿನ್ನ ಇಷ್ಟ. ಅಬ್ಬಾನ ಕಣ್ಣು ಮಂಜಾಗುತ್ತಿದೆ, ಪೂರ್ತಿ ಹೋಗುವುದರೊಳಗೆ ಆ ಮೂಲ ಫಿಲ್ಮು ಒಮ್ಮೆ ತೋರಿಸಬೇಕು ಎಂದು ನೀನು ಕಳೆದ ವರ್ಷ ಮೂರು ಪತ್ರ ಬರೆದೆ. ಪೆಟ್ಟಿಗೆ ಮಳೆಯಲ್ಲಿ ನೆನೆದು ಹಾಳಾಯಿತೆಂದು ಮೂರಕ್ಕೂ ಉತ್ತರಿಸಿದೆ. ಅದು ನನ್ನ ಮಂಚದ ಕೆಳಗೇ ಇತ್ತು. ನೀನು ಪಾಠಕ್ಕೆ ಬಂದು ಕೂರುತ್ತಿದ್ದದ್ದು ಅದೇ ಮಂಚದ ಮೇಲೆ. ಪ್ರತಿ ಬೇಸಿಗೆ ಬಿಚ್ಚಿ ಗಾಳಿಗೆ ಹಿಡಿದು ಕಾಪಾಡಿದ್ದರಿಂದ ಒಂದು ಗೀರೂ ಬಿದ್ದಿಲ್ಲ. ಜನವರಿ ಒಂಬತ್ತರಂದು, ಅಬ್ಬಾ ಹೋದರೆಂದು ನಿನ್ನ ಕಾರ್ಡು ಬಂತು. ಅದನ್ನು ಎರಡು ಸಲ ಓದಿ ಖಚಿತ ಮಾಡಿಕೊಂಡೆ. ಆಮೇಲೆ ಬಗ್ಗಿ ಪೆಟ್ಟಿಗೆ ಎಳೆದೆ.