ನಾಲ್ಕು ಸಾಲು ಬರೆದುಕೊಡು ಎಂದಿದ್ದೆ

ಭಾನುವಾರ, ಮಾರ್ಚ್ ೧೨

ಅಮ್ಮಾ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮಂಡಿನೋವು ಇಳಿದಿದೆ ಎಂದು ಬರೆದಿದ್ದೀಯ, ಸಂತೋಷ. ಉಳಿದದ್ದಕ್ಕೆ ಉತ್ತರ ಬರೆಯಲು ಕೂತು ಮೂರು ಹಾಳೆ ಹರಿದೆ. ಇದನ್ನು ಹರಿಯುವುದಿಲ್ಲ.

ಅಣ್ಣನ ಆಸ್ಪತ್ರೆಗೆ ಇಪ್ಪತ್ತೈದು ವರ್ಷ. ಸಮಾರಂಭದ ಪುಸ್ತಕಕ್ಕೆ ನಾನು ನಾಲ್ಕು ಸಾಲು ಬರೆಯಬೇಕು: ಡಾಕ್ಟರು ತಂಗಿಯ ಮಗಳನ್ನು ಸಾಯುವ ಜ್ವರದಿಂದ ಹೇಗೆ ಉಳಿಸಿದರು, ಕಿವಿ ಮಾತ್ರ ಹೇಗೆ ಉಳಿಯಲಿಲ್ಲ ಎಂದು. "ಅಷ್ಟೆಲ್ಲ ಕವಿತೆ ಓದ್ತೀಯ, ನಿಂಗೇನು ಕಷ್ಟ" ಎಂದಿದ್ದೀಯ. ನಿನ್ನ ಮೊಮ್ಮಗಳು ವೇದಿಕೆ ಹತ್ತಿ ಮಾವನಿಗೆ ಹೂಗುಚ್ಛ ಕೊಡಬೇಕು. "ಬಂದೋರ ಮುಂದೆ ಕೈ ಆಡಿಸೋದೊಂದು ಬೇಡ, ನೋಡೋಕೆ ಒಂಥರಾ ಕಾಣುತ್ತೆ." ಬರದಿದ್ದರೆ ತವರಿನ ಬಾಗಿಲು ಮುಚ್ಚಿತು ಅಂದುಕೊಳ್ಳಬೇಕು.

ಕಾಗದವನ್ನು ಮೇಜಿನ ಮೇಲೆ ಬಿಟ್ಟಿದ್ದೆ. ಮಗಳು ಓದಿದಳು. ಹನ್ನೆರಡು ವರ್ಷದ ಹುಡುಗಿ, ಹಾಲಿನ ಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡುವವಳಲ್ಲ. ನಾನು ಬಟ್ಟೆ ಮಡಚುತ್ತಿದ್ದಲ್ಲಿಗೆ ಬಂದು ಎದುರು ನಿಂತು ಕೈಯಲ್ಲಿ ಕೇಳಿದಳು: ಜ್ವರ ಇಡೀ ಮೈ ಬಿಟ್ಟು ಎರಡು ಕಿವಿಯನ್ನೇ ಹುಡುಕಿಕೊಂಡು ಹೋಯಿತಾ? ಅವಳ ಶಾಲೆಯಲ್ಲಿ ಔಷಧಿಯಿಂದ ಕಿವಿ ಹೋದ ಇನ್ನಿಬ್ಬರು ಮಕ್ಕಳಿದ್ದಾರಂತೆ. ನನ್ನದು ಯಾವುದರಿಂದ, ಎಂದಳು.

ಏಳು ವರ್ಷ ಜ್ವರದ ಕಥೆಯನ್ನೇ ಹೇಳಿಕೊಂಡು ಬಂದೆವಲ್ಲ ಅಮ್ಮ. "ಮನೆ ಮಾತು ಮನೇಲಿರ್ಲಿ ಕಣೇ, ಅವನ ಹೆಸರು ಕೆಟ್ರೆ ನಮ್ಮೆಲ್ಲರದೂ ಕೆಟ್ಟಂತೆ" ಎಂದು ಅಂದು ನನ್ನ ಕೈ ಹಿಡಿದಿದ್ದೆ. ಆ ಕೈಯನ್ನು ಈಗ ಬಿಡಿಸಿಕೊಂಡಿದ್ದೇನೆ. ಬಟ್ಟೆ ಕೆಳಗಿಟ್ಟು ಅಣ್ಣ ಮಾಡಿದ್ದನ್ನೆಲ್ಲ ಹೇಳಿದೆ.

ಅಣ್ಣನ ಕೋಣೆಯ ಮೂಲೆಯಲ್ಲಿ ತೂಕದ ಯಂತ್ರವಿತ್ತು. ಅದರ ಮೇಲೆ ಔಷಧಿ ಕಂಪನಿಯವರು ಕೊಟ್ಟ ಪೆಟ್ಟಿಗೆಗಳು ಸೊಂಟದೆತ್ತರ ಇದ್ದವು. ಅವನ್ನು ಇಳಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ಮಗುವನ್ನು ತೂಗದೆಯೇ ಸೂಜಿಮದ್ದು ಬರೆದ. ನಾಲ್ಕನೆಯ ದಿನ ಅವಳು ಕಿವಿಯೊಳಗೆ ಜೀರುಂಡೆ ಕೂಗ್ತಿದೆ ಅಂದಳು. ಫೋನ್ ಮಾಡಿದರೆ ಅವನು ನಕ್ಕ. "ಜ್ವರದ ತಲೆ, ಜೀರುಂಡೆ ಅಲ್ಲ ಆನೆನೂ ಕೂಗುತ್ತೆ. ಹತ್ತು ದಿನ ಪೂರ್ತಿ ಮಾಡು" ಎಂದ. ಮದ್ದಿನ ಜೊತೆ ಬರುವ ಚೀಟಿಯಲ್ಲೇ ಕಿವಿಗೆ ಅಪಾಯ ಎಂದು ಅಚ್ಚಾಗಿದ್ದದ್ದನ್ನು ಆಮೇಲೆ ಬೇರೆ ಡಾಕ್ಟರು ತೋರಿಸಿದರು. ಹತ್ತನೆಯ ದಿನ ನಾನು ಹಿಂದಿನಿಂದ ಕರೆದೆ, ಅವಳು ತಿರುಗಲಿಲ್ಲ.

ಇಷ್ಟು ಕೇಳಿ ಅವಳು ಅಳಲಿಲ್ಲ. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಕೈಮಾತಿನಲ್ಲಿ ಮಾತು ಬಿಡುವುದೆಂದರೆ ಗೊತ್ತೇ? ಎದುರಿಗಿದ್ದೂ ಕಣ್ಣು ಮುಚ್ಚಿಕೊಳ್ಳುವುದು. ಪಾತ್ರೆ ತೊಳೆಯುವಾಗ ಒಂದೊಂದನ್ನೂ ಕುಕ್ಕಿದಳು. ಸದ್ದು ತನಗೆ ಕೇಳದು, ನನಗೆ ಕೇಳಲಿ ಎಂದೇ.

ನಾವು ಹೇಗಿದ್ದೇವೆ ಎಂದು ನೀನು ಯಾವತ್ತೂ ಕೇಳಿಲ್ಲ. ನಾನೇ ಹೇಳುತ್ತೇನೆ, ಚೆನ್ನಾಗಿದ್ದೇವೆ. ನಮ್ಮ ಮನೆಯಲ್ಲಿ ಊಟ ನಿಧಾನ, ತುತ್ತು ಕೆಳಗಿಟ್ಟು ಮಾತಾಡಬೇಕಲ್ಲ. ಇವರು ದಿನವಿಡೀ ಬಟ್ಟೆ ಕತ್ತರಿಸಿ ಬರುವ ದರ್ಜಿ, ಬೆರಳು ಮರಗಟ್ಟಿರುತ್ತದೆ. ಅಪ್ಪನ ಮಾತು ತೊದಲು ಎಂದು ಮಗಳು ಗೇಲಿ ಮಾಡುತ್ತಾಳೆ. ಪ್ರತಿಯೊಬ್ಬರಿಗೂ ಕೈಯಲ್ಲಿ ಒಂದು ಹೆಸರಿಟ್ಟಿದ್ದಾಳೆ. ನಿನ್ನದು, ಕನ್ನಡಕವನ್ನು ಬೆರಳ ಗೆಣ್ಣಿನಿಂದ ಮೇಲೆ ತಳ್ಳುವುದು. ಮಾವನದು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಳ್ಳುವುದು. ನೋಡಿದ್ದರೆ ನೀನೂ ನಗುತ್ತಿದ್ದೆ. ಈ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರು ಅನ್ನುತ್ತೀಯಲ್ಲ, ನಿನ್ನ ಬಾಯಿಗೆ ಯಾರಾದರೂ ಸೆರಗು ತುರುಕಿದರೆ ಸುಮ್ಮನಿರುತ್ತೀಯಾ?

ನೀನು ಕೇಳಿದ ನಾಲ್ಕು ಸಾಲು ಇಲ್ಲಿವೆ. ಪ್ರಾಸವಿಲ್ಲ.

ಐದು ವರ್ಷದ ಮಗುವಿಗೆ ಹತ್ತು ದಿನ ಸೂಜಿ ಕೊಟ್ಟರು.
ಮೊದಲು ತೂಕ ನೋಡಲಿಲ್ಲ.
ನಾಲ್ಕನೆಯ ದಿನ ಮಗು, ಕಿವಿಯಲ್ಲಿ ಸದ್ದು ಅಂದಿತು.
ಸೂಜಿ ನಿಲ್ಲಲಿಲ್ಲ.

ಅಚ್ಚು ಹಾಕಿಸಿದರೆ ಇದನ್ನೇ ಹಾಕಿಸು. ಇಲ್ಲವಾದರೆ ಜಾಗ ಖಾಲಿ ಬಿಡು. ನನ್ನ ಹೆಸರಿನಲ್ಲಿ ಬೇರೆ ಯಾರಿಂದಲಾದರೂ ಬರೆಸಿದರೆ, ಬಂದವರ ಎದುರಿಗೇ ಅದು ನನ್ನದಲ್ಲ ಎನ್ನುತ್ತೇನೆ.

ಹೌದು, ನಾವು ಬರುತ್ತೇವೆ. ಬಾಗಿಲು ಮುಚ್ಚುವವರು ನಾವು ಒಳಗೆ ಬಂದ ಮೇಲೆ ಮುಚ್ಚಲಿ. ಹೂಗುಚ್ಛ ಬೇರೆ ಮಗು ಕೊಡಲಿ. ನಮ್ಮವಳಿಗೆ ಮಾವನನ್ನು ಒಂದು ಮಾತು ಕೇಳುವುದಿದೆಯಂತೆ. ಏನೆಂದು ನನಗೂ ಹೇಳಿಲ್ಲ. ವೇದಿಕೆ ಮೇಲೇ ಕೇಳ್ತೀನಿ, ನೀನು ಪಕ್ಕದಲ್ಲಿ ನಿಂತು ಜೋರಾಗಿ ಹೇಳು, ಕೊನೆ ಸಾಲಿನವರಿಗೂ ಕೇಳಬೇಕು ಎಂದಿದ್ದಾಳೆ. ಒಪ್ಪಿದ್ದೇನೆ. ಅಣ್ಣನಿಗೆ ಮೊದಲೇ ತಿಳಿಸು, ಬೆನ್ನ ಹಿಂದೆ ಮಾಡಿದೆವು ಎನ್ನುವುದು ಬೇಡ. ಉತ್ತರ ಹೇಳುವಾಗ ಅವಳ ಮುಖ ನೋಡಿ ಹೇಳಬೇಕು ಅಂತಲೂ ತಿಳಿಸು. ಅವಳು ತುಟಿ ಓದುತ್ತಾಳೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಬೇಡ.

ಮುನಿಸಿದ್ದರೂ ನಿನ್ನವಳೇ,
ಕಿರಿಮಗಳು

ತಾ.ಕ.: ಏಳು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಯಂತ್ರದ ಮೇಲೆ ನಿಲ್ಲಿಸುವ ಬದಲು ಅಣ್ಣ ನನ್ನನ್ನೇ ಕೇಳಿದ, ತೂಕ ಎಷ್ಟು ಎಂದು. ಆಗ ನೀನು ನನ್ನ ಪಕ್ಕದ ಕುರ್ಚಿಯಲ್ಲಿದ್ದೆ. ಅವತ್ತು ಬೆಳಿಗ್ಗೆಯಷ್ಟೇ, "ಮಗು ಕಡ್ಡಿ ಆಗಿದೆ, ಅಮ್ಮ ಪುಸ್ತಕ ಓದಿದ್ರೆ ಮಗಳ ಹೊಟ್ಟೆ ತುಂಬುತ್ತಾ" ಎಂದಿದ್ದೆ. ಹದಿಮೂರು ಕಿಲೋ ಎಂದು ನನಗೆ ಗೊತ್ತಿತ್ತು. ನಿನ್ನ ಮುಂದೆ ಹೇಳಲು ನಾಲಿಗೆ ಬರಲಿಲ್ಲ. ಹದಿನೆಂಟು ಎಂದೆ. ಅವನು ಬರೆದುಕೊಂಡ. ನೋಡದೆ ಬರೆದದ್ದು ಅವನ ತಪ್ಪು, ಅದರಲ್ಲಿ ಒಂದು ಕೂದಲೆಳೆಯಷ್ಟನ್ನೂ ಬಿಟ್ಟುಕೊಡುವುದಿಲ್ಲ. ಹೇಳಿದ್ದು ನನ್ನದು. ಇದನ್ನೂ ನಿನ್ನೆ ಅವಳಿಗೆ ಹೇಳಿದ್ದೇನೆ. ಬಹಳ ಹೊತ್ತು ನನ್ನನ್ನೇ ನೋಡಿ ಎದ್ದುಹೋದಳು. ಆ ದಿನ ವೇದಿಕೆಯ ಮೇಲೆ ಅವಳ ಕೈ ಮಾವನ ಬದಲು ನನ್ನ ಕಡೆ ತಿರುಗಿದರೂ, ಒಂದಕ್ಷರ ಬಿಡದೆ ಜೋರಾಗಿ ಹೇಳುತ್ತೇನೆ.