ಊದುಗೊಳವೆಯ ಗಾಂಧಾರ

ಸೇಲಂ
೧೯೩೪ ನವೆಂಬರ್ ೧೨, ಸೋಮವಾರ

ಸೌದೆ ಹಸಿ. ಊದುಗೊಳವೆ ಹಿಡಿದು ಊದಿದ್ದೇ ಊದಿದ್ದು. ಕಣ್ಣಲ್ಲಿ ನೀರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಏನೋ ಸಮಾಧಾನವಾದವರಂತೆ ಒಳಗೆ ಹೋದರು. ಮಗ ಹೋಗಿ ಆರು ತಿಂಗಳು, ಸೊಸೆ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂಬ ಕೊರಗು ಅವರದು. ಹೊಗೆ ಅಂತ ನಾನೇಕೆ ಹೇಳಲಿ.

ಅಳು ಬರುವುದಿಲ್ಲ. ಸಿಟ್ಟೂ ಇಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ. ಮೈಯೆಲ್ಲ.

ಇವತ್ತು ಕುಪ್ಪಸ್ವಾಮಿ ಬರುವ ದಿನ. ಬಂದ. ಹಿತ್ತಲ ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದೆ. ಅತ್ತೆ ಎಂದಿನಂತೆ ಕಾವಲು. ತಿಂಗಳಿಗೊಮ್ಮೆ ನನ್ನ ತಲೆ ಬೋಳಿಸುವ ಇವನೇ ನಮ್ಮ ಮನೆಯವರಿಗೆ ಕ್ಲಾರಿನೆಟ್ ಕಲಿಸಿದವನು. ತಾರಮಂಗಲಂನವನು. ಬೆಳಿಗ್ಗೆ ಕತ್ತಿ, ಮದುವೆ ಉತ್ಸವಕ್ಕೆ ಬ್ಯಾಂಡ್ ಸೆಟ್ಟು. ಇವರು ಅವನನ್ನು ವಾದ್ಯಾರ್, ಗುರುಗಳೇ, ಅನ್ನುತ್ತಿದ್ದರು, ಮಾವನ ಕಿವಿಗೆ ಬೀಳದ ಹಾಗೆ.

“ಅಮ್ಮಾ, ಚಿಕ್ಕ ಸಾಮಿ ಪೈಪು ಐತಾ?” ಅಂದ.

“ಕೊಟ್ಟಿಗೆ ಅಟ್ಟದ ಮೇಲೆ ಇರಬೇಕಪ್ಪಾ. ಎಂಜಲು ವಾದ್ಯ. ಒಳಗೆ ಯಾರು ತರ್ತಾರೆ,” ಅಂದರು ಅತ್ತೆ.

ಊದುಗೊಳವೆಯನ್ನು ನಾನು ದಿನವೂ ಬಾಯಿಗಿಡುತ್ತೇನೆ. ಅದಕ್ಕೆ ಎಂಜಲಿಲ್ಲ. ಅದರಿಂದ ಅನ್ನ ಬೇಯುತ್ತದೆ.

ಡಿಸೆಂಬರ್ ೧೩, ಗುರುವಾರ. ಮಧ್ಯಾಹ್ನ

ಅತ್ತೆ ಮಲಗಿದ್ದಾರೆ. ಮಾವ ಹೊರಗೆ. ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

ಕಪ್ಪು ಮರ. ಬೆರಳೊತ್ತುವ ಲೋಹದ ಕೀಲಿಯೊಂದನ್ನು ತೆಗೆದು ಆ ತೂತಿಗೆ ಜೇನುಮೇಣ ಮೆತ್ತಿದ್ದಾರೆ. ಮೇಣದ ಮೇಲೆ ಇವರ ಬೆರಳಿನ ಗುರುತು ಇನ್ನೂ ಇದೆ. ನೋಡಿದೆ. ಏನೂ ಆಗಲಿಲ್ಲ.

ವರ್ಷಗಟ್ಟಲೆ ಈ ಕೊಟ್ಟಿಗೆಯಲ್ಲಿ ಕೂತು ಒಂದೇ ಸ್ವರ ಹುಡುಕಿದರು. ತೋಡಿ ರಾಗದ ಗಾಂಧಾರ. ಕೀಲಿ ಒತ್ತಿದರೆ ಬರುವುದು ಇಂಗ್ಲಿಷಿನವರ ಸ್ವರ, ಪೊಲೀಸಿನವನ ಹಾಗೆ ನೆಟ್ಟಗೆ ನಿಲ್ಲುತ್ತದೆ. ತೋಡಿಗೆ ಅದು ಆಗದು. ರಿಷಭದಿಂದ ಏಳಬೇಕು, ಮಧ್ಯಮ ಮುಟ್ಟೀತು ಅನ್ನಿಸಬೇಕು, ಮುಟ್ಟದೆ ನಡುವೆ ತೂಗಬೇಕು. ಆ ಜಾಗಕ್ಕೆ ಕೀಲಿಯೇ ಇಲ್ಲ. ಇವರದು ಒಂದು ದಿನ ಕೆಳಗೆ, ಒಂದು ದಿನ ಮೇಲೆ. ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ನನಗೆ ಮಾತ್ರ ಕೇಳಿಸುತ್ತಿತ್ತು: ಇಲ್ಲಲ್ಲ, ಇನ್ನೊಂಚೂರು ಆಚೆ. ಗಂಡನಿಗೆ ಸ್ವರ ತಪ್ಪಿತು ಅಂತ ಹೆಂಡತಿ ಹೇಳುವುದುಂಟೆ? ಆಮೇಲೆ ಮೇಟೂರು ಅಣೆಕಟ್ಟಿನ ಆಫೀಸಿನಿಂದ ಜ್ವರ ಹೊತ್ತು ಬಂದರು. ಅಷ್ಟೇ.

ಬಾಯಿಗಿಡಲಿಲ್ಲ. ಬೆರಳು ಮಾತ್ರ ಇಟ್ಟು ನೋಡಿದೆ. ತೂತುಗಳು ನನ್ನ ಬೆರಳಿಗೂ ಸರಿಹೋದವು.

೧೯೩೫ ಜನವರಿ ೨೧

ಬಾಯಿಗಿಟ್ಟೆ. ಪಕ್ಕದ ಬೀದಿಯ ಅಕ್ಕಿ ಮಿಲ್ಲಿನ ಎಂಜಿನ್ ಓಡುವಾಗ, ಕೊಳವೆಯ ಬಾಯಿಗೆ ಹಳೇ ಪಂಚೆ ತುರುಕಿ. ಬಂದದ್ದು ಸ್ವರವಲ್ಲ, ಕಿರುಚು.

ಸಂಜೆ ಅತ್ತೆ: “ಕಮಲಿ, ಕರು ಯಾಕೋ ಕೂಗ್ತಿತ್ತಲ್ಲೇ? ಹುಲ್ಲು ಹಾಕಿದ್ಯೋ ಇಲ್ವೋ?”

“ಹಾಕಿದ್ದೆ ಅತ್ತೆ.”

ಕರುವಿಗೆ ಇನ್ನೊಂದು ಕಂತೆ ಸಿಕ್ಕಿತು. ಯಾರದೋ ಪುಣ್ಯ.

ಫೆಬ್ರವರಿ ೨೦, ಬುಧವಾರ

ದಿನವೂ ಮಿಲ್ಲು ಓಡುವ ಹೊತ್ತಿಗೆ ಅರ್ಧ ಗಳಿಗೆ. ರಿಷಭ ಬರುತ್ತದೆ. ಮಧ್ಯಮ ಬರುತ್ತದೆ. ನಡುವಿನದು ಬರುವುದಿಲ್ಲ. ಕಿವಿಗೆ ಗೊತ್ತಿದ್ದರೆ ಸಾಲದು.

ಇವತ್ತು ಕುಪ್ಪಸ್ವಾಮಿ ಬಂದಿದ್ದ. ಕತ್ತಿ ನೆತ್ತಿಯ ಮೇಲೆ ಓಡುತ್ತಿತ್ತು. ನನ್ನ ಬೆರಳು ಮೊಣಕಾಲಿನ ಮೇಲೆ ತಾನಾಗಿ ಏಳುತ್ತಾ ಬೀಳುತ್ತಾ ಇತ್ತು, ನನಗೆ ತಿಳಿಯಲಿಲ್ಲ. ಕತ್ತಿ ನಿಂತಿತು. ಅವನು ನನ್ನ ಬೆರಳು ನೋಡಿದ್ದ. ಆಮೇಲೆ ಅವನು ಅತ್ತೆಯ ಕಡೆ ತಿರುಗಿ ಮಾತು ತೆಗೆದ.

“ಅಮ್ಮಾ, ಚಿಕ್ಕ ಸಾಮಿಗೆ ನಾನು ಯಾವಾಗ್ಲೂ ಯೋಳ್ತಿದ್ದೆ. ಗಾಂಧಾರಕ್ಕೆ ಬೆರಳು ಎತ್ತಬ್ಯಾಡಿ ಸಾಮಿ, ಜಾರಿಸಿ. ತೂತು ಅರೆ ಮುಚ್ಚಿರ್ಲಿ. ಮಿಕ್ಕಿದ್ದು ತುಟಿಯಾಗೆ ಐತೆ ಅಂತ.”

“ಹೌದೇನಪ್ಪಾ... ಕೇಳ್ತಿದ್ನೇ ನಮ್ಮ ರಘು?”

“ಕೇಳೋರು ಪಾಪ. ಕೈಗೆ ಬತ್ತಿರಲಿಲ್ಲ. ಊದೋಕ್ಕೆ ಮುಂಚೆ ರೀಡು, ಪೈಪಿನ ಬಾಯಿಗೆ ಕಟ್ಟೋ ಬೆತ್ತದ ಸೀಳು, ಬಾಯಾಗೆ ನೆನೀಬೇಕಮ್ಮಾ, ಇಲ್ಲಾಂದ್ರೆ ಕರು ಕೂಗ್ದಂಗೆ ಕೂಗ್ತೈತೆ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗನ ಮಾತು ಬಂದರೆ ಅವರಿಗೆ ಸಾಕು. ಇನ್ನೂ ಹೇಳು, ಇನ್ನೂ ಹೇಳು ಅಂದರು. ಅವನು ಹೇಳಿದ. ನಾನು ತಲೆ ಎತ್ತಲಿಲ್ಲ. ಎಲ್ಲ ಕೇಳಿಸಿಕೊಂಡೆ.

ಮಾರ್ಚ್ ೧೮

ಇವತ್ತೂ ‘ಚಿಕ್ಕ ಸಾಮಿ’ಯ ಮಾತು. ಉಸಿರು ಹೊಟ್ಟೆಯಿಂದ ಬರಬೇಕಂತೆ. ಕೆನ್ನೆ ಉಬ್ಬಿಸಬಾರದಂತೆ. ಮುಂಚೆ ಎಲ್ಲ ಹತ್ತು ಮಾತಿಗೆ ಮುಗಿಯುತ್ತಿತ್ತು ಕ್ಷೌರ. ಈಗ ಅತ್ತೆಯೇ ಕಾಫಿ ಕೊಡಿಸುತ್ತಾರೆ, ಹಿತ್ತಲಲ್ಲೇ, ದೂರದಿಂದ ಲೋಟಕ್ಕೆ ಹೊಯ್ದು.

ಅಡಿಗೆಮನೆಯಲ್ಲಿ ಊದುಗೊಳವೆಯಿಂದ ತುಟಿ ಸಾಧನೆ. ಸಡಿಲ, ಬಿಗಿ, ಸಡಿಲ. ಬೆಂಕಿ ಚೆನ್ನಾಗಿ ಹತ್ತುತ್ತದೆ. ಸೊಸೆಗೆ ಈಗೀಗ ಕೆಲಸದಲ್ಲಿ ಶ್ರದ್ಧೆ ಬಂದಿದೆ ಎಂದು ಮಾವನ ಮುಂದೆ ಹೊಗಳಿಕೆ.

ಏಪ್ರಿಲ್ ೧೦, ಬುಧವಾರ

ಮಾವ ಹಿತ್ತಲಿಗೇ ಬಂದರು. ಬರುವವರಲ್ಲ.

“ಕುಪ್ಪಸ್ವಾಮಿ, ಮುಂದಿನ ತಿಂಗಳು ರಘುವಿನ ವರ್ಷಾಂತಿಕ. ಅಷ್ಟರೊಳಗೆ ಮನೆ ಶುದ್ಧಿಯಾಗಬೇಕು. ಆ ಕೊಳವೆ ನೀನೇ ತಗೊಂಡು ಹೋಗು. ಕಲಿಸಿದವನು ನೀನು, ನಿನ್ನ ಹತ್ತಿರ ಇದ್ದರೆ ಅವನಿಗೂ ಸಂತೋಷ.”

“ಆಗ್ಲಿ ದೊಡ್ಡ ಸಾಮಿ. ಮುಂದಿನ ಕಿತ ಬಂದಾಗ ತಗೊಂಡ್ ಓಗ್ತೀನಿ.”

ಇನ್ನೊಂದು ತಿಂಗಳು. ಆಮೇಲೆ ಆ ಗಾಂಧಾರ ನನಗೆ ಎಂದೂ ಇಲ್ಲ. ಇವರಿಗೆ ಸಿಗಲಿಲ್ಲ, ನನಗೂ ಸಿಗದೆ ಹೋಗುತ್ತದೆ. ಬೇಕು ಅನ್ನಿಸಿತು. ಒಂದು ವಸ್ತು ಬೇಕು ಅನ್ನಿಸಿ ಎಷ್ಟು ಕಾಲವಾಯಿತೋ. ಪಂಚೆ ತುರುಕದೆ, ಬಾಯಿ ತೆರೆದು, ಒಂದೇ ಒಂದು ಸಲ.

ಕುಪ್ಪಸ್ವಾಮಿ ಕತ್ತಿ ಒರೆಸುತ್ತಾ ಅತ್ತೆಗೆ ಹೇಳಿದ: “ಇಂಗ್ಲಿಷ್ ಚಕ್ರವರ್ತಿಗಳ ಪಟ್ಟದ ಜುಬಿಲಿ ದಿನ ನಮ್ಮ ಸೆಟ್ಟು ಈ ಬೀದಿ ಮೇಲೇನೇ ಮೈದಾನಕ್ಕೆ ಓಗೋದಮ್ಮಾ. ನಾಲ್ಕು ಗಂಟೆಗೆ. ನಿಮ್ಮ ಮನೆ ಮುಂದೆ ನಿಂತು, ಚಿಕ್ಕ ಸಾಮಿ ನ್ಯಾಪಕಕ್ಕೆ ತೋಡಿ ಒಂದಿಷ್ಟು ನುಡಿಸ್ತೀನಿ. ಗಾಂಧಾರ ಬಂದಾಗ ನಾನು ನಿಲ್ಲಿಸಿಬಿಡ್ತೀನಿ. ಅದು ಅವರ ಸ್ವರ. ಅವರಿಗೇ ಬಿಟ್ಟಿದ್ದು.”

“ನಾವು ಇರಲ್ಲವಲ್ಲಪ್ಪಾ. ಯಜಮಾನರಿಗೆ ಮೈದಾನದಲ್ಲಿ ಕುರ್ಚಿ ಹಾಕಿದ್ದಾರಂತೆ. ನಾನೂ ಹೋಗೋಳು.”

“ಗೊತ್ತಮ್ಮಾ,” ಅಂದ.

ಮೇ ೬, ಸೋಮವಾರ. ಬೆಳಿಗ್ಗೆ

ಬೀದಿಗೆಲ್ಲ ಮಾವಿನ ತೋರಣ, ಕಾಗದದ ಬಾವುಟ. ನಾನು ಮುಂಬಾಗಿಲಿಗೆ ಹೋಗುವ ಹಾಗಿಲ್ಲ. ಶುಭದ ದಿನ, ಎದುರಿಗೆ ಬರಬಾರದು.

ರೀಡು ಸ್ನಾನವಾದಾಗಿನಿಂದ ಬಾಯಲ್ಲಿದೆ, ಕೆನ್ನೆಯ ಒಳಗೆ. ಅತ್ತೆ ಕೇಳಿದ್ದಕ್ಕೆಲ್ಲ ಹೂಂ, ಊಹೂಂ. “ಮೌನವ್ರತ ಏನೇ ಇವತ್ತು?” ಅಂದರು. ಹೂಂ ಅಂದೆ. ಮಡಿ ಅಡಿಗೆಯೆಲ್ಲ ಎಂಜಲು ಬಾಯಲ್ಲೇ ಆಯಿತು. ಪಾಯಸ ತುಂಬಾ ರುಚಿ ಅಂತ ಮಾವ ಎರಡು ಸಲ ಹಾಕಿಸಿಕೊಂಡರು. ದೇವರು ನೋಡಿಕೊಳ್ಳಲಿ.

ಸಂಜೆ

ಬರೆಯಬೇಕು. ಅವರು ಬರುವುದರೊಳಗೆ.

ಮೂರೂವರೆಗೆ ಹೊರಟರು. ಪೆಟ್ಟಿಗೆ ತೆಗೆದು, ರೀಡು ಕಟ್ಟಿ, ಮುಂದಿನ ಕೋಣೆಯ ಕಿಟಕಿ ಅರೆ ಮುಚ್ಚಿ, ಕಂಬದ ಮರೆಯಲ್ಲಿ ನಿಂತೆ. ಮೊದಲು ಡ್ರಮ್ಮು. ಆಮೇಲೆ ಕುದುರೆ ಓಟದಂಥ ಇಂಗ್ಲಿಷ್ ನೋಟು. ಮನೆ ಮುಂದೆ ಬಂದು ನಿಂತಿತು. ಡ್ರಮ್ಮು ಸುಮ್ಮನಾಯಿತು.

ತೋಡಿ. ಷಡ್ಜದಲ್ಲಿ ನಿಂತ. ರಿಷಭಕ್ಕೆ ಬಂದ. ನಿಲ್ಲಿಸಿದ.

ಬೀದಿಯಲ್ಲಿ ಅಷ್ಟು ಜನ. ಸ್ವರ ಬರಲಾರದು ಅಂದುಕೊಂಡೆ. ಊದಿದೆ. ಬೆರಳು ಜಾರಿಸಿದೆ, ತುಟಿ ಸಡಿಲಿಸಿದೆ. ಎದ್ದಿತು, ತೂಗಿತು. ಅಲ್ಲೇ! ಆ ಜಾಗವೇ! ನನ್ನ ಹಲ್ಲು, ಬೋಳುತಲೆ ಎಲ್ಲ ನಡುಗಿತು. ಎಷ್ಟು ಹೊತ್ತು ಹಿಡಿದೆನೋ. ಉಸಿರು ಮುಗಿಯಿತು. ಅವನು ಮಧ್ಯಮದಿಂದ ಎತ್ತಿಕೊಂಡು, ಏನೂ ಆಗದವನಂತೆ, ಸೆಟ್ಟು ನಡೆಸಿಕೊಂಡು ಮುಂದೆ ಹೋದ.

ಯಾರೋ ಹುಡುಗ ಬೀದಿಯಲ್ಲಿ, “ಲೇ, ಎರಡನೇ ಪೈಪು ಎಲ್ಲೈತಲಾ?” ಅನ್ನುತ್ತಿದ್ದ.

ಪೆಟ್ಟಿಗೆ ಅಟ್ಟಕ್ಕೆ ಸೇರಿತು. ಸರಿಯಾಗಿ ಬಂತೇ? ಕೇಳೋಣವೆಂದರೆ ಯಾರನ್ನು ಕೇಳಲಿ. ಗೋಡೆ ನೋಡುತ್ತಾ ಕೂತಿದ್ದೇನೆ. ಮತ್ತೆ ಅದೇ ಜೋಮು.

ಮೇ ೮, ಬುಧವಾರ

ವಾದ್ಯಾರ್ ಬಂದರು.

ಕಲ್ಲಿನ ಮೇಲೆ ಕೂತೆ. ತಣ್ಣೀರು ತಲೆಗೆ ಚಿಮುಕಿಸಿದರು. ಕತ್ತಿ ಮಸೆದರು. ಅತ್ತೆಯೇ ತಡೆಯಲಾರದೆ ಕೇಳಿದರು: “ಮನೆ ಮುಂದೆ ನುಡಿಸಿದ್ಯೇನಪ್ಪಾ?”

“ನುಡಿಸ್ದೆ ಅಮ್ಮಾ.” ಕತ್ತಿ ನೆತ್ತಿಯಿಂದ ಕಿವಿಯವರೆಗೆ ಒಂದು ಗೆರೆ ಇಳಿಯಿತು. “ಚಿಕ್ಕ ಸಾಮಿ ಇದ್ದಿದ್ರೆ ಯೋಳ್ತಿದ್ದೆ. ಗಾಂಧಾರ ಸಿಕ್ಕೈತೆ. ಆದ್ರೆ ಒಂದು ಕೂದಲೆಳೆ ಏರು. ಅಂಜಿಕೆಗೆ ತುಟಿ ಬಿಗಿ ಆಗೋಗೈತೆ. ಮುಂದಿನ ಕಿತ ಸಡಿಲ ಬಿಡಿ ಅಂತ.”

ಮುಂದಿನ ಕಿತ.

ಇವರು ಸಾಯುವವರೆಗೂ ಇವರನ್ನು ತಿದ್ದಿದ ಹಾಗೆ ನನ್ನನ್ನೂ ತಿದ್ದಿದರು. ಅಯ್ಯೋ ಪಾಪ ಅನ್ನಲಿಲ್ಲ, ಭಲೇ ಅನ್ನಲಿಲ್ಲ. ತಪ್ಪು ಹೇಳಿದರು. ಅತ್ತೆ, ಒಂದು ವರ್ಷದಿಂದ ನೀವು ಕಾದಿದ್ದ ಅಳು ಆಗ ಬಂತು. ಮೂಗು, ಬಾಯಿ, ಎಲ್ಲ ಸುರಿಯಿತು. ಭುಜ ಕುಣಿಯಿತು. ವಾದ್ಯಾರ್ ಕತ್ತಿ ಎತ್ತಿ ಹಿಡಿದರು.

“ತಗಲ್ತೇನೇ?” ಅಂತ ಅತ್ತೆ ಓಡಿಬಂದರು. ಮಡಿಯಲ್ಲಿದ್ದವರು ನನ್ನ ಬೆನ್ನು ಮುಟ್ಟಿದರು. ಅವರೂ ಅತ್ತರು. ಅವರು ಮಗನಿಗೆ ಅತ್ತರು. ನಾನು ಯಾವುದಕ್ಕೆ ಅತ್ತೆ? ಇವರಿಗೂ ಇರಬಹುದು. ಈಗ ಇವರ ಮುಖ ಕಣ್ಣಿಗೆ ಕಟ್ಟುತ್ತಿದೆ. ಜೋಮು ಬಿಡುವಾಗ ನೋಯುತ್ತದೆ. ತುಂಬಾ ನೋಯುತ್ತಿದೆ.

ಮಾವ ಪೆಟ್ಟಿಗೆ ತಂದುಕೊಟ್ಟರು. ವಾದ್ಯಾರ್ ಮುಚ್ಚಳ ತೆಗೆದರು. ಕೊಳವೆಯ ಬಾಯಲ್ಲಿ ರೀಡಿಲ್ಲ. ಎಲ್ಲಿದೆ ಅಂತ ನನಗೆ ಗೊತ್ತು, ನನ್ನ ಕೆನ್ನೆಯ ಒಳಗೆ. ಒಂದು ಕ್ಷಣ ಪೆಟ್ಟಿಗೆಯನ್ನೇ ನೋಡಿದರು. ಮುಚ್ಚಳ ಹಾಕಿದರು.

“ಎಲ್ಲಾ ಸರಿಯಾಗೈತೆ ಸಾಮಿ. ಬತ್ತೀನಿ ಅಮ್ಮಾ, ಮುಂದಿನ ತಿಂಗಳು.”

ಹೋದರು. ಪೈಪು ಹೋಯಿತು. ಒಲೆ ಹೊತ್ತಿಸಬೇಕು, ಅತ್ತೆ ಕರೆಯುತ್ತಿದ್ದಾರೆ. ಸೌದೆ ಇವತ್ತೂ ಹಸಿ. ಊದುಗೊಳವೆ ಎಲ್ಲಿ ಇಟ್ಟೆನೋ... ತುಟಿ ಬಿಗಿಯಬಾರದು. ಒಂದು ಕೂದಲೆಳೆ ಇಳಿಸಿ ಊದಬೇಕು.