ಹನ್ನೆರಡಕ್ಕೆ ಒಂದು

ಮೈಲಾಪೂರ್, ಚೆನ್ನೈ
14-9-2025, ಭಾನುವಾರ

ಪ್ರೀತಿಯ ಅಪ್ಪಾ, ಅರ್ಥಾತ್ ನೀಲಗಿರಿ ಬೆಟ್ಟದ ರೈಲಿನ ಬ್ರೇಕ್ಸ್‌ಮನ್ ಶ್ರೀಯುತ ಹರಿದಾಸರೇ,

ನಿಮ್ಮ ಏಕಮಾತ್ರ ಪುತ್ರನ ಸಾಷ್ಟಾಂಗ ನಮಸ್ಕಾರ. ಮೊಣಕೈ ನೋವು ಹೇಗಿದೆ? ಅಮ್ಮ ಕಳಿಸಿದ ಮಫ್ಲರನ್ನು ಕೂನೂರಿನ ಚಳಿಗೆ ಸುತ್ತಿಕೊಳ್ಳುತ್ತೀರೋ, ಪೆಟ್ಟಿಗೆಯಲ್ಲಿ ಮಡಿಯಾಗಿ ಇಟ್ಟಿದ್ದೀರೋ? ಕಾಗದ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ರಜೆಯ ಮಾತೆತ್ತಿದರೆ ಸಾಕು, ನಿಮಗೆ ಸುರಂಗ ಬಂದು ಲೈನು ಕಟ್ಟಾಗುತ್ತದೆ. ಕಳೆದ ಸಲ ಕ್ವಾರ್ಟರ್ಸಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗಲೂ ಬಂತು.

ಉಗಾದಿ ಕಳೆದ ಮೇಲೆ ಅಜ್ಜಿಯ ಸೊಂಟದ ಮೂಳೆ ಮುರಿದಾಗ ನೀವು ಎರಡು ದಿನ ಬಂದು ಹೋದದ್ದೇ ಕೊನೆ. ಆಮೇಲೆ ಅವರು ಹೊಸಿಲು ದಾಟಿಲ್ಲ. ಗಾಲಿಕುರ್ಚಿ ಬಂತು, ಬಾಗಿಲ ಮುಂದಿನ ಮೂರು ಮೆಟ್ಟಿಲು ಎಲ್ಲಿಗೂ ಹೋಗಲಿಲ್ಲ. ಫಿಸಿಯೋಥೆರಪಿಗೆ ಬರುವ ಪ್ರಣಮ್ಯಾ ಮೇಡಂ ಇಳಿಜಾರು ಕಟ್ಟಿಸಿ ಎಂದರು. ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು, ಅದಕ್ಕಿಂತ ಕಡಿದಾಗಬಾರದಂತೆ. ನನಗೆ ನಗು ಬಂತು. ಕಲ್ಲಾರ್ ದಾಟಿದ ಮೇಲೆ ನಿಮ್ಮ ರೈಲು ಹಳಿಗಳ ನಡುವಿನ ಹಲ್ಲುಪಟ್ಟಿ ಕಚ್ಚಿಕೊಂಡು ಏದುಸಿರು ಬಿಡುವುದೂ ಹನ್ನೆರಡಕ್ಕೆ ಒಂದರ ಏರಿನಲ್ಲೇ ಅಲ್ಲವೇ? ರೈಲಿನ ಲೋಕದಲ್ಲಿ ಅದು ಗೋಡೆ, ಅಜ್ಜಿಯ ಲೋಕದಲ್ಲಿ ರಾಜಬೀದಿ ಎಂದು ಉಪನ್ಯಾಸ ಕೊಟ್ಟೆ. ಮೇಡಂ ಅಮ್ಮನ ಕಡೆ ತಿರುಗಿ, "ಇವನು ಯಾವಾಗ್ಲೂ ಹೀಗೇನಾ?" ಎಂದರು.

ಮೆಟ್ಟಿಲ ಎತ್ತರ ಇಪ್ಪತ್ತೊಂದು ಇಂಚು, ಇಳಿಜಾರು ಇಪ್ಪತ್ತೊಂದು ಅಡಿ. ಹತ್ತಡಿ ಸಾಕು ಎಂದು ಮೇಸ್ತ್ರಿ ಹಠ ಹಿಡಿದ. ನಿಮ್ಮ ಹಳೆಯ ಟೋಪಿ ಹಾಕಿಕೊಂಡು ಟೇಪು ಹಿಡಿದು ನಿಂತೆ, ಸುಮ್ಮನಾದ. ಕೆಲಸ ಮುಗಿದ ದಿನ ಅಜ್ಜಿಯ ಹೆಸರಲ್ಲಿ ಹಳದಿ ಹಲಗೆ ಬರೆದು ನೆಟ್ಟೆ: ತುಂಗಾಬಾಯಿ ನಿಲ್ದಾಣ, ಸಮುದ್ರ ಮಟ್ಟದಿಂದ ಏಳು ಮೀಟರ್. ಮಹಡಿಯ ಮಾಮ ಅದನ್ನು ಕಂಡು, ಮೆಟ್ರೋದವರು ನಮ್ಮ ಕಟ್ಟಡವನ್ನೂ ಕೆಡವಲು ಗುರುತು ಹಾಕಿದರು ಎಂದು ಅಸೋಸಿಯೇಷನ್ ಮೀಟಿಂಗ್ ಕರೆದುಬಿಟ್ಟರು. ಸಭೆಯ ಮುಂದೆ ತಲೆತಗ್ಗಿಸಿ ತಪ್ಪೊಪ್ಪಿಕೊಂಡೆ.

ಉದ್ಘಾಟನೆಗೆ ಹಸಿರು ಬಾವುಟ, ಸೀಟಿ ಎಲ್ಲ ಸಿದ್ಧವಿತ್ತು. ಹೊಸಿಲಿನ ಹತ್ತಿರ ಅಜ್ಜಿ ಎರಡೂ ಗಾಲಿ ಗಟ್ಟಿಯಾಗಿ ಹಿಡಿದುಕೊಂಡರು. "ಹತ್ಸೋಕೆ ನೀನು ಸಾಕು ಕಣೋ. ಇಳ್ಸೋಕೆ ಹರಿ ಬರ್ಲಿ." ನಾನು ಬೇಡಿಕೊಂಡೆ, ಅಮ್ಮ ಗದರಿದರು. ನೀವು ರಜೆ ಹಾಕಿದರೆ ಬೋಗಿಯ ಬ್ರೇಕ್ ಹಿಡಿಯುವವರಿಲ್ಲ ಎನ್ನುತ್ತೀರಲ್ಲ, ಅದನ್ನೂ ಹೇಳಿದೆ. "ಊರೋರನ್ನೆಲ್ಲ ದಿನಾ ಇಳಿಸ್ತಾನಂತೆ, ಹೆತ್ತೋಳನ್ನ ಒಂದಿನ ಇಳಿಸ್ಲಿ" ಎಂದರು. ಮೂರು ವಾರವಾಯಿತು. ಈಗ ಇಳಿಜಾರಿನ ಮೇಲೆ ಮಹಡಿಯ ಮಾಮಿ ಸಂಡಿಗೆ ಒಣಗಿಸುತ್ತಾರೆ.

ಇನ್ನೊಂದು ವಿಷಯ. ಭಾನುವಾರ ಬೆಳಗ್ಗೆ ನೀಲಗಿರಿ ಎಕ್ಸ್‌ಪ್ರೆಸ್ ಸೆಂಟ್ರಲ್ಲಿಗೆ ಬರುವ ಹೊತ್ತಿಗೆ ಅಮ್ಮ ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸುತ್ತಾರೆ, ನೀವು ಬರುವುದಿಲ್ಲವೆಂದು ಗೊತ್ತಿದ್ದೂ. ಆರುವವರೆಗೆ ಯಾರೂ ಮುಟ್ಟುವುದಿಲ್ಲ. ಆಮೇಲೆ ನಾನು ಕುಡಿಯುತ್ತೇನೆ. ಆರಿದ ಕಾಫಿ ಚೆನ್ನಾಗಿರುವುದಿಲ್ಲ ಅಪ್ಪಾ.

ನಿಮ್ಮನ್ನು ಕೇಳಿದ್ದಾಗಿ ತಿಳಿಸಲು ಅಮ್ಮ ಹೇಳಿದರು. ಅಜ್ಜಿಯ ಆಶೀರ್ವಾದ, ಸ್ವಲ್ಪ ಕೋಪ ಬೆರೆಸಿದ್ದು.

ಇಂತಿ ನಿಮ್ಮ ಆಜ್ಞಾಧಾರಕ (ಹೆಚ್ಚುಕಡಿಮೆ),
ಅನಿಕೇತ್

ತಾ.ಕ.: ಲಕೋಟೆ ಅಂಟಿಸಲು ಎದ್ದರೆ ಒಳಗೆ ಗಾಲಿಕುರ್ಚಿಯೇ ಇಲ್ಲ. ಅಜ್ಜಿ ಒಬ್ಬರೇ ಇಳಿಜಾರು ಇಳಿದಿದ್ದರು, ಕುರ್ಚಿ ಗೇಟಿಗೆ ತಗುಲಿ ನಿಂತಿತ್ತು. ಗಾಬರಿ ಬೇಡ, ಮೂಳೆಗೆ ಏನೂ ಆಗಿಲ್ಲ. ಗಾಲಿ ತಡೆದು ತಡೆದು ಎರಡೂ ಅಂಗೈ ಸುಲಿದಿವೆ. ಯಾಕಜ್ಜಿ ಹೀಗೆ ಮಾಡಿದಿರಿ ಎಂದರೆ, "ನನ್ನ ಮಗನ್ನ ಮನೆಗೆ ಬಿಡದೇ ಇರೋ ಇಳಿಜಾರು ಎಷ್ಟು ಕಡಿದು ಅಂತ ನೋಡ್ದೆ. ಇಷ್ಟೇನೇನೋ?" ಎಂದರು. ಅದಕ್ಕೆ ಉತ್ತರ ನೀವೇ ಬಂದು ಹೇಳಿ.